ಪಟ್ಟಿಯ 43ನೇ ಸಾಲು

ಇಂಗ್ಲೆಂಡಿನಲ್ಲಿ ಆರೋಪಿಗಳ ಪರ ವಾದಿಸುವ ವಕೀಲರ ಆಫೀಸಿನಲ್ಲಿ ನನ್ನ ಕೆಲಸ. ಪೊಲೀಸರು ಸಂಗ್ರಹಿಸಿಯೂ ಪ್ರಾಸಿಕ್ಯೂಷನ್ ಬಳಸದೆ ಬಿಟ್ಟ ದಾಖಲೆಗಳ ಪಟ್ಟಿ ನಮಗೆ ಬರುತ್ತದೆ. ನಾವು ಅದನ್ನು 'ಅನ್‌ಯೂಸ್ಡ್' ಅನ್ನುತ್ತೇವೆ. ಅದರಲ್ಲಿ ಪ್ರಾಸಿಕ್ಯೂಷನ್ ವಾದವನ್ನು ದುರ್ಬಲಗೊಳಿಸುವಂಥದ್ದೋ ಆರೋಪಿಗೆ ನೆರವಾಗುವಂಥದ್ದೋ ಇದ್ದರೆ, ಅಪರಾಧ ತನಿಖೆ ಮತ್ತು ವಿಚಾರಣೆಯ 1996ರ ಕಾಯ್ದೆಯ ಪ್ರಕಾರ ಪ್ರಾಸಿಕ್ಯೂಷನ್‌ನವರೇ ನಮಗೆ ಕೊಡಬೇಕು.

ಹೊಸದರಲ್ಲಿ ಒಂದು ಹಲ್ಲೆ ಕೇಸು ಬಂತು. ಪಟ್ಟಿಯ 43ನೇ ಸಾಲು: 'ಅಧಿಕಾರಿಯ ನೋಟ್‌ಬುಕ್, ಎರಡು ಪುಟ.' ಓದಿ ಮುಂದೆ ಹೋದೆ. ಡಿಫೆನ್ಸ್ ಸ್ಟೇಟ್‌ಮೆಂಟನ್ನೂ, ಅಂದರೆ ಆರೋಪಿಯ ವಾದವೇನು ಅಂತ ನಾವು ಬರೆದುಕೊಡುವ ಹೇಳಿಕೆಯನ್ನೂ, ಮೂರೇ ಸಾಲಿನಲ್ಲಿ ಮುಗಿಸಿದ್ದೆ. ಹೊಡೆದವನು ಇವನಲ್ಲ, ಅಷ್ಟೇ. ಸಾಕ್ಷಿ ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ ನೋಡಿದರು ಅನ್ನುವುದೇ ನಮ್ಮ ತಕರಾರು ಅಂತ ಬರೆಯಲಿಲ್ಲ. ಪೊಲೀಸರು ಎರಡನೇ ಸಲ ಕಡತ ತೆಗೆಯುವುದು ಆ ಸ್ಟೇಟ್‌ಮೆಂಟ್ ಇಟ್ಟುಕೊಂಡೇ ಅಲ್ವಾ? ನಾನು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಕ್ಷಿದಾರರಿಗೆ ಜೈಲಾಯಿತು. ಅಪೀಲಿಗೆ ಬಂದ ಹೊಸ ಬ್ಯಾರಿಸ್ಟರ್ ಆ ಎರಡು ಪುಟ ತರಿಸಿದರು. ಆ ರಾತ್ರಿ ಬೀದಿದೀಪ ಕೆಟ್ಟಿತ್ತು ಅಂತ ಅಧಿಕಾರಿ ಬರೆದಿದ್ದರು. ದೀಪದ ಬೆಳಕಲ್ಲೇ ಮುಖ ನೋಡಿದೆ ಅಂತ ಸಾಕ್ಷಿ ಜ್ಯೂರಿ ಮುಂದೆ ಹೇಳಿದ್ದರು.

ಕೊಡಬೇಕಾದದ್ದನ್ನು ಕೊಡಲಿಲ್ಲ ಅಂತ ತೋರಿಸಿದರೆ ಗೆದ್ದಂತೆ ಅಂದುಕೊಂಡಿದ್ದೆ. ಹಾಗಲ್ಲ. ತೀರ್ಪು 'ಅನ್‌ಸೇಫ್' ಆಗಿದೆಯೇ, ಅಂದರೆ ನಂಬಿ ಉಳಿಸಿಕೊಳ್ಳಲಾಗದಂಥದ್ದೇ ಅನ್ನುವುದಷ್ಟೇ ಕೋರ್ಟಿನ ಪ್ರಶ್ನೆ. ಇದು ಗೊತ್ತಿದ್ದಿದ್ದರೆ ಜ್ಯೂರಿ ಬೇರೆ ತೀರ್ಮಾನಕ್ಕೆ ಬರಬಹುದಿತ್ತೇ ಅಂತ ನೋಡುತ್ತಾರೆ. ವಿಚಾರಣೆಯಲ್ಲೇ ಯಾಕೆ ಕೇಳಲಿಲ್ಲ ಅಂತಲೂ ಕೇಳುತ್ತಾರೆ. ಅದಕ್ಕೆ ಉತ್ತರ ಬರೆದುಕೊಡಬೇಕಾದವಳು ನಾನೇ. ಆ ಒಂದು ಪುಟ ಬರೆಯಲು ಎರಡು ರಾತ್ರಿ ಬೇಕಾಯಿತು. ತೀರ್ಪು ರದ್ದಾಯಿತು, ಆದರೆ ಅಷ್ಟರಲ್ಲಿ ಅವರು 11 ತಿಂಗಳು ಒಳಗಿದ್ದರು.

ಆಗಲೇ ಸ್ಯಾಲಿ ಕ್ಲಾರ್ಕ್ ಕೇಸನ್ನು ಓದಿದ್ದು. ತಮ್ಮದೇ ಇಬ್ಬರು ಮಕ್ಕಳನ್ನು ಕೊಂದರೆಂದು 1999ರಲ್ಲಿ ಅವರಿಗೆ ಶಿಕ್ಷೆಯಾಗಿತ್ತು. 2000ದಲ್ಲಿ ಮೊದಲ ಅಪೀಲು ವಜಾ ಆಯಿತು. ಎರಡನೇ ಮಗುವಿನ ದೇಹದಲ್ಲಿ ಬ್ಯಾಕ್ಟೀರಿಯಾ ಇದ್ದುದನ್ನು ತೋರಿಸುವ ಲ್ಯಾಬ್ ಫಲಿತಾಂಶ ಶವಪರೀಕ್ಷೆ ಮಾಡಿದ ಡಾಕ್ಟರಿಗೆ ಗೊತ್ತಿತ್ತು, ಡಿಫೆನ್ಸ್‌ಗೆ ಗೊತ್ತಿರಲಿಲ್ಲ. ಮಗು ಸೋಂಕಿನಿಂದ ಸತ್ತಿರಬಹುದು ಅನ್ನುವುದಕ್ಕೆ ಅದು ಆಧಾರವಾಗುತ್ತಿತ್ತು. ಅದು ಹೊರಬಂದ ಮೇಲೆ, 2003ರಲ್ಲಿ ತೀರ್ಪು ರದ್ದಾಯಿತು. ಪಟ್ಟಿಯಲ್ಲಿ ಇಲ್ಲದ್ದನ್ನೂ ಕೇಳಬೇಕು ಅಂತ ನನಗೆ ಹೊಳೆದದ್ದು ಅಲ್ಲಿ.

ಈಗ ಸ್ಟೇಟ್‌ಮೆಂಟಿನಲ್ಲಿ ತಕರಾರನ್ನು ಬಿಡಿಸಿ ಬರೆಯುತ್ತೇನೆ. ಯಾವ ಸಾಲು ಬೇಕು, ಯಾಕೆ ಬೇಕು ಅಂತ ಪತ್ರ ಹಾಕುತ್ತೇನೆ. ಹೋದ ವಾರ ಒಂದಕ್ಕೆ 'ಕೇಸಿಗೆ ಸಂಬಂಧವಿಲ್ಲ' ಅಂತ ಉತ್ತರ ಬಂತು. ಅದನ್ನು ಕೊಡಿಸಿ ಅಂತ ಅದೇ 1996ರ ಕಾಯ್ದೆಯ 8ನೇ ಸೆಕ್ಷನ್ ಅಡಿ ಜಡ್ಜ್ ಮುಂದೆ ಅರ್ಜಿ ಹಾಕಿದ್ದೇನೆ.