ಒಂಬತ್ತರಿಂದ ಭಾಗಿಸಿ ನೋಡಿ

ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಮೊದಲ ತಿಂಗಳ ಕೊನೆಯಲ್ಲಿ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಸ್ಟೇಟ್‌ಮೆಂಟಿಗೂ 180ರ ವ್ಯತ್ಯಾಸ ಬಂದಿತ್ತು. ಬೆಳಗಿನಿಂದ ಒಂದೊಂದೇ ನಮೂದಿಗೆ ಗುರುತು ಹಾಕುತ್ತ ಕುಳಿತಿದ್ದ ನನ್ನನ್ನು ಕಂಡು, ಪಕ್ಕದ ಮೇಜಿನ ಹಿರಿಯರೊಬ್ಬರು ಎದ್ದು ಹೋಗುತ್ತಲೇ, "ಒಂಬತ್ತರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು" ಎಂದರು. 5,640 ಇರಬೇಕಾದಲ್ಲಿ ನಾನು 5,460 ಎಂದು ಬರೆದಿದ್ದೆ. ಜಮೆಯಾಗಬೇಕಾದ ಮೊತ್ತ ಖರ್ಚಿನ ಕಡೆಗೆ ಹೋಗಿದ್ದರೆ ವ್ಯತ್ಯಾಸವು ಅದರ ಎರಡರಷ್ಟಾಗುತ್ತದೆ, ಆದ್ದರಿಂದ ಅರ್ಧ ಮೊತ್ತವನ್ನು ಹುಡುಕಬೇಕು ಎಂಬುದನ್ನೂ ಮುಂದೊಂದು ದಿನ ಅವರಿಂದಲೇ ತಿಳಿದೆ. ಅದಕ್ಕೂ ಮೊದಲು ನಡೆದಿದ್ದ ತರಬೇತಿಯಲ್ಲಿ ತಂತ್ರಾಂಶದ ಪ್ರತಿಯೊಂದು ಪರದೆಯನ್ನೂ ತೋರಿಸಿದ್ದರು; ಈ ಎರಡು ಮಾತು ಮಾತ್ರ ಅಲ್ಲಿ ಬಂದಿರಲಿಲ್ಲ.

1980ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರು ಜೆರಾಕ್ಸ್ ಕಂಪನಿಯ ದುರಸ್ತಿ ತಂತ್ರಜ್ಞರ ಜೊತೆಗೆ ಓಡಾಡಿ ಗಮನಿಸಿದ್ದೂ ಇದನ್ನೇ. ಕೈಪಿಡಿಯಲ್ಲಿ ಉತ್ತರ ಸಿಗದ ದೋಷ ಎದುರಾದಾಗ ಆ ತಂತ್ರಜ್ಞರು ತಾವು ಹಿಂದೆ ಕಂಡ ಯಂತ್ರಗಳ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಆ ಕಥೆಗಳಿಂದಲೇ ಕಾರಣದ ಜಾಡು ಹಿಡಿಯುತ್ತಿದ್ದರು. ಒಟ್ಟಿಗೆ ಊಟಕ್ಕೆ ಕುಳಿತಾಗಲೂ ಯಂತ್ರಗಳದ್ದೇ ಮಾತು. ಹೊರಗಿನವರಿಗೆ ಹರಟೆಯಂತೆ ಕಾಣುವ ಈ ಮಾತುಕತೆಯನ್ನು ಕೆಲಸದ ಭಾಗವೆಂದೇ ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬಿಡುವಿಲ್ಲದಂತೆ ದಿನವನ್ನು ತುಂಬಿಸುವ ಕಚೇರಿಯಲ್ಲಿ ಹೊಸಬರು ಪ್ರತಿಯೊಂದು ತಪ್ಪನ್ನೂ ತಾವೇ ಮಾಡಿ ಕಲಿಯಬೇಕಾಗುತ್ತದೆ.

ಆದರೆ ಕಿವಿಗೆ ಬಿದ್ದದ್ದೆಲ್ಲ ಒಳ್ಳೆಯ ಪಾಠವಾಗಿರುವುದಿಲ್ಲ. ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ, ಅಂದರೆ ಲೆಕ್ಕ ಸಿಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ, ಹಾಕಿ ತಿಂಗಳನ್ನು ಮುಗಿಸಿಬಿಡುವುದನ್ನೂ ನಾನು ಅದೇ ಮೇಜುಗಳ ನಡುವೆ ಕಲಿತೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಎಲ್ಲರೂ ಮಾಡುತ್ತಿದ್ದರು, ಅಷ್ಟೇ. ವರ್ಷದ ಕೊನೆಯಲ್ಲಿ ಆ ಖಾತೆಯನ್ನು ಬಿಡಿಸಿ ನೋಡುವಾಗ ಯಾವ ಮೊತ್ತ ಯಾವುದಕ್ಕೆ ಸೇರಿದ್ದೆಂದು ಹೇಳಬಲ್ಲವರು ಇರಲಿಲ್ಲ. ಹೀಗೆ ಕಲಿತದ್ದನ್ನು ಬಿಡುವುದು ಕಷ್ಟ, ಏಕೆಂದರೆ ಅದು ಕಲಿಕೆಯೆಂದೇ ನಮಗೆ ಅನ್ನಿಸಿರುವುದಿಲ್ಲ.

ಈಗ ಪಕ್ಕದ ಮೇಜಿಗೆ ಹೊಸಬರು ಬಂದಾಗ ನಾನು ವ್ಯತ್ಯಾಸವನ್ನು ಮನಸ್ಸಿನಲ್ಲೇ ಹುಡುಕುವುದಿಲ್ಲ. ಮೊದಲು ಒಂಬತ್ತು, ಆಮೇಲೆ ಅರ್ಧ, ಅದೂ ಅಲ್ಲದಿದ್ದರೆ ಬಿಟ್ಟುಹೋದ ಬ್ಯಾಂಕ್ ಶುಲ್ಕ ಎಂದು ಅವರಿಗೆ ಕೇಳಿಸುವಂತೆ ಹೇಳಿಕೊಳ್ಳುತ್ತಲೇ ಹುಡುಕುತ್ತೇನೆ.