ಮಲಾಯ ಮಾಷ್ಟ್ರು

ಕಳೆದ ತಿಂಗಳು ಮಲಾಯ ಮಾಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಅವರ ನಿಜವಾದ ಹೆಸರು ಒಬ್ಬನಿಗೂ ತಟ್ಟನೆ ನೆನಪಾಗಲಿಲ್ಲ. ಅವರಿಗೆ ತೊಂಬತ್ತು ದಾಟಿತ್ತು. ಮೂರು ವರ್ಷ ನಮಗೆ ಸಮಾಜ ಪಾಠ ಮಾಡಿದವರು. ಆ ಪಾಠಗಳಲ್ಲಿ ಒಂದೂ ನನ್ನ ತಲೆಯಲ್ಲಿ ಉಳಿದಿಲ್ಲ. ಪಾಣಿಪತ್ ಯುದ್ಧಗಳ ಇಸವಿ ಬೇಕಾದರೆ ಮೊಮ್ಮಗನನ್ನೇ ಕೇಳಬೇಕು. ಆದರೆ ಮಲೇಷ್ಯದ ರಾಜಕಾರಣಿ ತುನ್ (ಅದು ಅಲ್ಲಿಯ ಬಿರುದು) ಡಾ. ಇಸ್ಮಾಯಿಲರ ಕತೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು.

ಮಾಷ್ಟ್ರು ಪ್ರಾಯದಲ್ಲಿ, ಮಲೇಷ್ಯವನ್ನು ಇನ್ನೂ ಮಲಾಯ ಎನ್ನುತ್ತಿದ್ದ ಕಾಲಕ್ಕೆ, ಅಲ್ಲಿಯ ಜೊಹೊರ್ ಬಾರು ಪಟ್ಟಣದ ಶಾಲೆಯೊಂದರಲ್ಲಿ ಕಲಿಸಿ ಊರಿಗೆ ಮರಳಿದವರು. ಅಲ್ಲಿ ಜ್ವರ ಬಂದಾಗ ಇಸ್ಮಾಯಿಲರು ತೆರೆದಿದ್ದ ‘ತವಕ್ಕಲ್’ ಕ್ಲಿನಿಕ್ಕಿನ ಕಹಿ ಮಿಕ್ಸ್ಚರ್ ಕುಡಿದಿದ್ದರಂತೆ. ಆ ಒಂದು ಬಾಟ್ಲಿಯ ಋಣ ನಮ್ಮ ಪಾಲಿಗೆ ವರವಾಯಿತು. ಮ್ಯಾಪ್ ಬರೆದು ತರದ ದಿನ ಯಾರಾದರೊಬ್ಬ ಎದ್ದು, “ಮಾಷ್ಟ್ರೇ, ಆ ಡಾಕ್ಟ್ರು ಆಮೇಲೆ ಎಂಥ ಮಾಡಿದ್ರು?” ಎಂದರೆ ಸಾಕು, ಪುಸ್ತಕದ ಕಟ್ಟು ಮೇಜಿನ ಮೂಲೆಗೆ ಸರಿಯುತ್ತಿತ್ತು. ಕೇಳುವವನಿಗೆ ಎರಡು ಪೆಪ್ಪರಮಿಂಟು ಕೂಲಿ. ಹೆಚ್ಚು ಕೂಲಿ ಗಳಿಸಿದವನು ನಾನು. ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳುವ ಕಲೆ ಮುಂದೆ ಮೂವತ್ತು ವರ್ಷದ ಬ್ಯಾಂಕಿನ ನೌಕರಿಯಲ್ಲೂ ನನ್ನ ಕೈಬಿಡಲಿಲ್ಲ ಎಂದರೆ ಜಂಬ ಅನ್ನಬೇಡಿ.

ಇಸ್ಮಾಯಿಲರು ಹುಟ್ಟಿದ್ದು 1915ರಲ್ಲಿ. ಚೀನೀಯರ, ಭಾರತೀಯರ ಮಕ್ಕಳ ಜೊತೆ ಆಡಿ ಬೆಳೆದವರು, ಮೆಲ್ಬರ್ನಿನಲ್ಲಿ ಡಾಕ್ಟರಿಕೆ ಕಲಿತವರು. ಮಾಷ್ಟ್ರಿಗೆ ಇದೆಲ್ಲ ಬರೀ ಪೀಠಿಕೆ. ಅವರ ಉಮೇದು ಏರುತ್ತಿದ್ದದ್ದು 1957ಕ್ಕೆ ಬಂದಾಗ. ಆಗಸ್ಟ್ 31ಕ್ಕೆ ಮಲಾಯಕ್ಕೆ ಸ್ವಾತಂತ್ರ್ಯ, ಸೆಪ್ಟೆಂಬರ್ 17ಕ್ಕೆ ವಿಶ್ವಸಂಸ್ಥೆಯ ಸದಸ್ಯತ್ವ. “ಎಂಬತ್ತೆರಡನೇ ದೇಶ!” ಎನ್ನುತ್ತ ಚಾಕ್‌ಪೀಸಿನಿಂದ ಬೋರ್ಡಿಗೆ ಕುಟ್ಟುತ್ತಿದ್ದರು. ವಾಷಿಂಗ್ಟನ್ನಿಗೆ ಮೊದಲ ರಾಯಭಾರಿಯೂ ಇಸ್ಮಾಯಿಲರೇ, ವಿಶ್ವಸಂಸ್ಥೆಗೆ ಮೊದಲ ಪ್ರತಿನಿಧಿಯೂ ಅವರೇ. ಆಮೇಲೆ ಗೃಹಮಂತ್ರಿ. 1967ರಲ್ಲಿ ಆರೋಗ್ಯ ಕೆಟ್ಟು ರಾಜೀನಾಮೆ ಕೊಟ್ಟವರು ಮರುವರ್ಷವೇ ಸಾದಾ ಸದಸ್ಯನಾಗಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಆಗ್ನೇಯ ಏಷ್ಯ ಯಾವ ಬಣಕ್ಕೂ ಸೇರದ ತಟಸ್ಥ ನಾಡಾಗಲಿ, ದೊಡ್ಡ ದೇಶಗಳು ಅದಕ್ಕೆ ಖಾತರಿ ಕೊಡಲಿ ಎಂದರು. ಪಕ್ಕದ ವಿಯೆಟ್ನಾಂ ಹೊತ್ತಿ ಉರಿಯುತ್ತಿದ್ದ ಕಾಲ. 1969ರ ಮೇ 13ರಂದು ಕ್ವಾಲಾಲಂಪುರದಲ್ಲಿ ಗಲಭೆಯಾದಾಗ ಕಾಯಿಲೆಯ ದೇಹವನ್ನೇ ಎಳೆದುಕೊಂಡು ಸರಕಾರಕ್ಕೆ ಮರಳಿದರು. ಮರುವರ್ಷ ಉಪಪ್ರಧಾನಿ.

ಒಮ್ಮೆ ತನಿಖೆಗೆ ಬಂದ ಇನ್‌ಸ್ಪೆಕ್ಟರು “ಉಪಪ್ರಧಾನಿ ಯಾರು?” ಎಂದದ್ದಕ್ಕೆ ನಾನು ಠೀವಿಯಿಂದ “ತುನ್ ಇಸ್ಮಾಯಿಲ್” ಎಂದುಬಿಟ್ಟೆ. ಇಂದಿರಾ ಗಾಂಧಿಯವರ ಸಂಪುಟದಲ್ಲಿ ಆಗ ಆ ಹುದ್ದೆಯೇ ಇರಲಿಲ್ಲ. ಮಾಷ್ಟ್ರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

ಈಗಿನ ಶಾಲೆಗಳಲ್ಲಿ ಹೀಗೆ ದಾರಿ ತಪ್ಪುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಲ್ಲಿ ಸುರುವಾದ ಪೋರ್ಶನ್ ಡಿಸೆಂಬರಿಗೆ ಮುಗಿಯಬೇಕು, ಆಮೇಲೆ ಬರೀ ಟೆಸ್ಟು. ಮಗನ ಮನೆಗೆಂದು ಕ್ವಾಲಾಲಂಪುರಕ್ಕೆ ಹೋಗಿದ್ದಾಗ ಮೆಟ್ರೋದಲ್ಲಿ ‘ತಾಮನ್ ತುನ್ ಡಾಕ್ಟರ್ ಇಸ್ಮಾಯಿಲ್’ ಎಂದು ಸ್ಟೇಷನ್ನಿನ ಹೆಸರು ಕೂಗಿದರು. ಗಲಭೆಯ ಕತೆಯವರೆಗೆ ನಾನು ಹೇಳಿದ್ದನ್ನೆಲ್ಲ ಕೇಳಿ ಮಗ, “ಅಪ್ಪ, ಮೆಲ್ಲ ಮಾತಾಡಿ” ಎಂದ.

1973ರ ಆಗಸ್ಟ್, ಒಂದು ಸೋಮವಾರ. ಹೊರಗೆ ಜಡಿಮಳೆ. ಯಾರೂ ಮ್ಯಾಪ್ ಬರೆದಿರಲಿಲ್ಲ. ನನ್ನ ಕಿಸೆಗೆ ಪೆಪ್ಪರಮಿಂಟು ಬಿತ್ತು. ಎದ್ದೆ. “ಮಾಷ್ಟ್ರೇ, ಡಾಕ್ಟ್ರು ಈಗ ಎಂಥ ಮಾಡ್ತಾ ಇದ್ದಾರೆ?”

ಮಾಷ್ಟ್ರು ನನ್ನನ್ನೇ ನೋಡಿದರು. “ಗುರುವಾರ ಹೋದರು. ಹೃದಯಾಘಾತ. ಪ್ರಧಾನಿ ಊರಲ್ಲಿ ಇರಲಿಲ್ಲ, ದೇಶ ಇವರ ಕೈಯಲ್ಲೇ ಇತ್ತು.”

ಇನ್ನಷ್ಟು ಹೇಳುತ್ತಾರೆಂದು ಕಾದೆವು. ಹೇಳಲಿಲ್ಲ. “ಪುಸ್ತಕ ತೆಗೆಯಿರಿ” ಎಂದು ಬೆಂಚಿನಿಂದ ಬೆಂಚಿಗೆ ಬಂದರು. ನನಗೆ ಬೈಯಲೂ ಇಲ್ಲ, ಕಿವಿ ಹಿಂಡಲೂ ಇಲ್ಲ. ಖಾಲಿ ಪುಟದ ಅಡಿಯಲ್ಲಿ ಕೆಂಪು ಶಾಯಿಯ ಸಹಿ ಹಾಕಿ ತಾರೀಖು ಬರೆದರು: 6-8-73.