ಹದಿನೆಂಟು ಗಂಟೆ ತಿರುಗಿದ ಮಣ್ಣು

ಡಿಚೋಲಿಯ ಆ ಡಂಪ್ ಹತ್ತುವಾಗ ಹೆಜ್ಜೆಗೊಮ್ಮೆ ಕಾಲು ಹೂತುಹೋಗುತ್ತಿತ್ತು. ಗೋವಾದ ಕಬ್ಬಿಣದ ಗಣಿಗಳು 2012ರಲ್ಲಿ ಒಮ್ಮೆ ನಿಂತವು, 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಮತ್ತೊಮ್ಮೆ ನಿಂತವು. ಅದಿರಿಗಾಗಿ ಅಗೆದು ಬದಿಗೆ ಸುರಿದ ಮಣ್ಣಿನ ಗುಡ್ಡಗಳು, ಅಂದರೆ ಈ ಡಂಪ್‌ಗಳು, ಊರುಗಳ ನೆತ್ತಿಯ ಮೇಲೆ ಉಳಿದುಕೊಂಡವು. ಈ ಗುಡ್ಡದ ಮಣ್ಣನ್ನು ತಗ್ಗು ತುಂಬಲು ಸಾಗಿಸಬೇಕಿತ್ತು. ಅದು ಅಪಾಯಕಾರಿ ತ್ಯಾಜ್ಯವೋ ಅಲ್ಲವೋ ಎಂಬ ವರದಿ ಕೊಡುವುದು ನಮ್ಮ ಪ್ರಯೋಗಾಲಯದ ಕೆಲಸ.

ಜೊತೆಗೆ ಬಂದಿದ್ದ ಮೇಲ್ವಿಚಾರಕರು ಮೇಲಿನ ಪದರದಿಂದಲೇ ನಾಲ್ಕು ಸಲಿಕೆ ತೆಗೆದುಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಎಷ್ಟೋ ಮಳೆಗಾಲ ತೊಳೆದ ಮೇಲ್ಮಣ್ಣಿನಲ್ಲಿ ಕರಗುವುದೆಲ್ಲ ಕರಗಿ ಹೋಗಿರುತ್ತದೆ. ಆಳುಗಳಿಂದ ಆರು ಕಡೆ ಎದೆಮಟ್ಟ ಗುಂಡಿ ತೋಡಿಸಿದೆ. ಒಳಗಿನ ಮಣ್ಣು ಕೆಂಪಾಗಿರಲಿಲ್ಲ. ಕಂದು, ನಡುನಡುವೆ ಇದ್ದಿಲಿನಂಥ ಕಪ್ಪು ಗೆರೆ. ಕಪ್ಪೆಂದರೆ ಮ್ಯಾಂಗನೀಸ್ ಎಂಬುದು ಇಲ್ಲಿ ಗಣಿಯಲ್ಲಿ ದುಡಿದ ಎಲ್ಲರಿಗೂ ಗೊತ್ತು.

ನಾನು ಮೊಬೈಲಿನಲ್ಲಿ ಕನ್ನಡ ಮಾತನಾಡುವುದನ್ನು ಕೇಳಿ ಕೆಳಗಿನ ಗುಡಿಸಲುಗಳ ಕಡೆಯಿಂದ ಒಬ್ಬ ಹೆಂಗಸು ಬಂದರು. "ಯಾವ ಊರು ತಮ್ಮಾ?" ಗದಗ ಎಂದೆ. ಅವರದು ಹುನಗುಂದದ ಕಡೆ. ಗಂಡನ ಜೊತೆ ದುಡಿಯಲು ಬಂದು ಇಪ್ಪತ್ತು ವರ್ಷ. ಚಹಾ ಕುಡಿದೇ ಹೋಗಬೇಕೆಂದು ಕರೆದೊಯ್ದರು. ಚಹಾ ಇಡುವ ಮೊದಲು ಒಂದು ಅಲ್ಯೂಮಿನಿಯಂ ಪಾತ್ರೆ ತಂದು ನನ್ನ ಮುಂದೆ ಹಿಡಿದರು. ಒಳಗೆ ಬೆರಳಾಡಿಸಿದರೆ ಬೆರಳು ಕಪ್ಪಾಯಿತು. "ಹೊರಗೆ ಮಸಿ ಹತ್ತುವುದು ಗೊತ್ತು. ಇದು ಒಳಗೆ ಹತ್ತುತ್ತದೆ. ಬಾವಿಯ ನೀರು ಕಾಯಿಸಿದ ಪಾತ್ರೆ. ಮೊಮ್ಮಗನಿಗೆ ಇದೇ ನೀರಿನಲ್ಲಿ ಪುಡಿ ಹಾಲು ಕಲಸುತ್ತೇವೆ. ಆ ಮಣ್ಣಿನಲ್ಲಿ ವಿಷ ಇದೆಯೋ ಇಲ್ಲವೋ, ನೋಡಿ ಹೇಳು."

ನನ್ನ ಬಳಿ ತೊಳೆದ ಬಾಟಲಿ ಒಂದು ಉಳಿದಿತ್ತು. ಅವರ ಬಾವಿಯ ನೀರು ತುಂಬಿಕೊಂಡೆ.

ಮರುದಿನ ಮಣ್ಣನ್ನು ಒಂಬತ್ತೂವರೆ ಮಿಲಿಮೀಟರ್ ಜರಡಿಯಲ್ಲಿ ಸಾಣಿಸಿ, ನೂರು ಗ್ರಾಂ ತೂಗಿ, ಅದರ ಇಪ್ಪತ್ತರಷ್ಟು, ಅಂದರೆ ಎರಡು ಕಿಲೋ ದ್ರಾವಣ ಹೊಯ್ದೆ. ತ್ಯಾಜ್ಯದಿಂದ ಎಷ್ಟು ವಿಷ ಜಿನುಗಬಹುದೆಂದು ನೋಡುವ, ಟಿಸಿಎಲ್‌ಪಿ ಎಂದು ಕರೆಯುವ ಈ ಪರೀಕ್ಷೆಯ ದ್ರಾವಣ ಅಸಿಟಿಕ್ ಆಮ್ಲದ್ದು, ವಿನೆಗರ್‌ನಲ್ಲಿರುವ ಅದೇ ಆಮ್ಲ. ಪಿಎಚ್ 4.93 ಬರುವವರೆಗೆ ನನಗೆ ಸಮಾಧಾನವಿಲ್ಲ. ಬಾಟಲಿಗಳನ್ನು ಚಕ್ರಕ್ಕೆ ಬಿಗಿದು ಸಂಜೆ ನಾಲ್ಕಕ್ಕೆ ಗುಂಡಿ ಒತ್ತಿದೆ. ನಿಮಿಷಕ್ಕೆ ಮೂವತ್ತು ಸುತ್ತು, ಹದಿನೆಂಟು ಗಂಟೆ. ತಲೆಕೆಳಗಾಗುವಾಗೆಲ್ಲ ಒಳಗಿನ ಹರಳು ಗಾಜಿಗೆ ಬಡಿದು ಗಲಗಲ ಎನ್ನುತ್ತಿತ್ತು.

ಅದನ್ನು ನೋಡುತ್ತ ಕೂತಾಗ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದ್ದ ಮಾತು ಮತ್ತೆ ಎದ್ದಿತು. ಅಮೆರಿಕದಲ್ಲಿ ರೂಪಿಸಿದ ಈ ಪರೀಕ್ಷೆಯ ಕಲ್ಪನೆ ಏನೆಂದರೆ, ತ್ಯಾಜ್ಯವನ್ನು ನಗರದ ಕಸದ ಗುಂಡಿಯಲ್ಲಿ ಹೂತಿದ್ದಾರೆ, ಕೊಳೆತ ತರಕಾರಿ-ಅನ್ನದಿಂದ ಹುಟ್ಟಿದ ಆಮ್ಲ ಅದರ ಮೇಲೆ ಇಳಿಯುತ್ತಿದೆ. ನಮ್ಮ ಡಂಪ್‌ಗೆ ಎಲ್ಲಿಯ ಕೊಳೆತ ತರಕಾರಿ? ಅದರ ಮೇಲೆ ಬೀಳುವುದು ಮಳೆ, ಗೋವಾದ ಮಳೆ, ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್. ಮಳೆನೀರನ್ನೇ ಹೋಲುವ ದ್ರಾವಣ ಬಳಸುವ ಬೇರೆ ವಿಧಾನವಿದೆ, ಎಸ್‌ಪಿಎಲ್‌ಪಿ. ಇಪ್ಪತ್ತು ವಾರ, ಅದಕ್ಕೂ ಹೆಚ್ಚು ಕಾಲ ಮಣ್ಣನ್ನು ಒಣಗಿಸಿ ನೆನೆಸಿ ನೋಡುವ ವಿಧಾನವೂ ಇದೆ. ಇನ್ನು ಮ್ಯಾಂಗನೀಸ್ ಹೆಚ್ಚು ಕರಗುವುದು ಗಾಳಿಯಾಡದ ಕೆಸರಿನಲ್ಲಿ, ನೀರು ನಿಂತ ಗದ್ದೆಯ ತಳದಲ್ಲಿ, ಗಣಿಯ ರಾಡಿ ನಿಂತ ಹೊಂಡದ ಅಡಿಯಲ್ಲಿ. ಒಂದು ರಾತ್ರಿ ಬಾಟಲಿಯಲ್ಲಿ ತಿರುಗಿದ ಮಣ್ಣಿಗೆ ಆ ಸ್ಥಿತಿ ಬರುವುದೇ ಇಲ್ಲ.

ಬೆಳಿಗ್ಗೆ ಹತ್ತಕ್ಕೆ ಚಕ್ರ ನಿಲ್ಲಿಸಿದೆ. ಗಾಜಿನ ನಾರಿನ ಫಿಲ್ಟರ್‌ನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ, ಲೋಹಗಳನ್ನು ಅಳೆಯುವ ಐಸಿಪಿ ಯಂತ್ರಕ್ಕೆ ಕೊಟ್ಟೆ. ಬಾವಿಯ ನೀರನ್ನೂ ಅದೇ ಸಾಲಿನಲ್ಲಿ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಬಂದವು. ಮಣ್ಣಿನಿಂದ ಜಿನುಗಿದ ದ್ರಾವಣದಲ್ಲಿ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಯಾವುದೂ ಮಿತಿಯ ಹತ್ತಿರಕ್ಕೂ ಬಂದಿರಲಿಲ್ಲ. ಮ್ಯಾಂಗನೀಸ್ ಕಾಣಿಸಿತ್ತು, ಆದರೆ ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಮಿತಿ ಲೀಟರಿಗೆ 10 ಮಿಲಿಗ್ರಾಂ. ಅದಕ್ಕಿಂತ ಎಷ್ಟೋ ಕೆಳಗೆ. ವರದಿಯಲ್ಲಿ ಅಪಾಯಕಾರಿ ಅಲ್ಲ ಎಂದು ಬರೆಯಬೇಕು, ಬರೆದೆ. ಅದು ಸುಳ್ಳಲ್ಲ. ಬಾವಿಯ ನೀರಿನ ಸಾಲಿಗೆ ಬಂದೆ. ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಇರಬಹುದಾದದ್ದು ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 0.3ರವರೆಗೆ. ಅಕ್ಕನ ಬಾವಿ ಆ 0.3ನ್ನೂ ದಾಟಿತ್ತು.

10 ಮತ್ತು 0.1ರ ನಡುವೆ ನೂರು ಪಟ್ಟಿನ ಅಂತರವಿದೆ. ಸೀಸ, ಆರ್ಸೆನಿಕ್‌ಗಳಿಗೆ ಟಿಸಿಎಲ್‌ಪಿ ಮಿತಿ ಹಾಕಿದವರ ಲೆಕ್ಕವೂ ಹೀಗೆಯೇ ಇತ್ತು: ತ್ಯಾಜ್ಯದಿಂದ ಜಿನುಗಿದ್ದು ಬಾವಿ ಸೇರುವಷ್ಟರಲ್ಲಿ ನೂರು ಪಟ್ಟು ತೆಳುವಾಗುತ್ತದೆ. ಗುಡ್ಡದ ಬುಡದಿಂದ ಅರವತ್ತು ಹೆಜ್ಜೆಗೆ ಬಾವಿ ಇದ್ದರೆ ಆ ನೂರನ್ನು ಎಲ್ಲಿಂದ ತರುವುದು?

ಆ ಮ್ಯಾಂಗನೀಸ್ ಡಂಪ್‌ನಿಂದಲೇ ಇಳಿದದ್ದೆಂದು ನಾನು ಹೇಳಲಾರೆ. ಇಲ್ಲಿಯ ನೆಲದಲ್ಲೇ ಅದು ಇದೆ; ಒಂದು ಬಾಟಲಿ ನೀರು ಅಷ್ಟು ದೊಡ್ಡ ಸಾಕ್ಷಿ ನುಡಿಯುವುದಿಲ್ಲ. ವರದಿಯ ಜೊತೆಗೆ ಒಂದು ಪುಟ ಸೇರಿಸಿದೆ: ಮಣ್ಣು ಸಾಗಿಸುವ ಮುನ್ನ ಮಳೆನೀರಿನ ವಿಧಾನದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು, ಸುತ್ತಲ ಬಾವಿಗಳನ್ನು ಮಳೆಗೆ ಮೊದಲು ಮತ್ತು ನಂತರ ನೋಡಬೇಕು. ಕೇಳದ ಪುಟ ಏಕೆ ಎಂದು ವರದಿ ಕೇಳಿದವರು ಫೋನ್ ಮಾಡಿದರು. ತೆಗೆಯುವುದಿಲ್ಲ ಎಂದೆ.

ಭಾನುವಾರ ನನ್ನ ಬೈಕಿನಲ್ಲಿ ಹೋದೆ. "ಏನಾಯಿತು ತಮ್ಮಾ, ವಿಷ ಇದೆಯೇ?" ಎಂದು ಅಕ್ಕ ದೂರದಿಂದಲೇ ಕೇಳಿದರು. ಮಣ್ಣು ಪಾಸಾಗಿದೆ, ನೀರು ಪಾಸಾಗಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆಗುವಂಥದ್ದೂ ಅಲ್ಲ. ಮಗುವಿನ ನರಗಳಿಗೆ ಇದು ಒಳ್ಳೆಯದಲ್ಲ, ಪುಡಿ ಹಾಲಿಗೆ ಪಂಚಾಯಿತಿಯ ನಲ್ಲಿಯ ನೀರನ್ನೇ ತನ್ನಿ, ಕುದಿಸಿದರೆ ಇದು ಹೋಗುವುದಿಲ್ಲ ಎಂದು ಮೂರು ಸಲ ಹೇಳಿದೆ. ನಲ್ಲಿ ರಸ್ತೆಯಾಚೆ, ಏರಿನ ಮೇಲೆ. ಅವರು ಆ ಏರನ್ನು ಒಮ್ಮೆ ನೋಡಿ ಸೊಸೆಯನ್ನು ಕರೆದು ಎರಡು ಕೊಡ ಬೇರೆ ಇಡಿಸಿದರು.

ಮಳೆಗಾಲ ಮುಗಿದ ಮೇಲೆ ತುಂಬಿಡಲು ಆಮ್ಲದಲ್ಲಿ ತೊಳೆದ ಎರಡು ಬಾಟಲಿ ಕೊಟ್ಟು, ಒಳಗೆ ಕೈ ಹಾಕಬೇಡಿ, ಮತ್ತೆ ತೊಳೆಯಬೇಡಿ ಎಂದೆ. ಅಕ್ಕ ಅವನ್ನು ಸೆರಗಿನಲ್ಲಿ ಒರೆಸಿ, ಮೊಮ್ಮಗನ ಕೈಗೆ ಸಿಗದಂತೆ, ಗೂಡಿನಲ್ಲಿದ್ದ ಯಲ್ಲಮ್ಮನ ಪಟದ ಪಕ್ಕದಲ್ಲಿ ನಿಲ್ಲಿಸಿದರು.